ಬಣ್ಣ ಹೊಡೆದ ಮಿಷಿನ್

“ಏನೇ ಮುಂಡೇದೇ, ಸಾವಿನ ಮನೇಲಿ ಕೂತ ಹಾಗೆ ಕೂತಿದ್ದೀಯ? ಹಲ್ಲು ಬಿಡು. ಅಳುಮೂತಿಗೆ ಮಿಷಿನ್ ಕೊಟ್ರೆ ಕೊಟ್ಟೋರ ಮರ್ಯಾದೆ ಏನಾಗ್ಬೇಕು?”

ಸೇವಾ ಕೇಂದ್ರದ ಮೇಲ್ವಿಚಾರಕಿ ನನ್ನ ಗದ್ದ ಹಿಡಿದು ಮುಖವನ್ನು ಕ್ಯಾಮೆರಾದ ಕಡೆ ತಿರುಗಿಸಿದಳು. ಬಡವರನ್ನು ಸ್ವಂತ ಕಾಲ ಮೇಲೆ ನಿಲ್ಲಿಸುವುದು ಅವಳ ಕೆಲಸ. ಅವತ್ತು ನಿಲ್ಲುವ ಸರದಿ ನನ್ನದು. ವೇದಿಕೆಯಲ್ಲಿ ಆಡಬೇಕಾದ ಮಾತನ್ನು ಬೆಳಿಗ್ಗೆಯಿಂದ ಗಿಳಿಪಾಠ ಮಾಡಿಸಿದ್ದಳು: ಇನ್ನು ಮೇಲೆ ನಾನು ಯಾರಿಗೂ ಭಾರವಲ್ಲ. ತಪ್ಪಿದರೆ ಹೊಲಿಗೆ ಮಿಷಿನ್ ಪಕ್ಕದವಳ ಪಾಲು ಎಂದೂ ಹೇಳಿದ್ದಳು. ನನಗೆ ಅದು ಬೇಕೇ ಬೇಕಿತ್ತು. ಸತ್ತ ಅಕ್ಕನ ಮಗಳು ನನ್ನ ಮಡಿಲಿಗೆ ಬಿದ್ದಿದ್ದಳು. ಕಂಡವರ ಮನೆಯ ಪಾತ್ರೆ ತಿಕ್ಕಿ ಎರಡು ಹೊಟ್ಟೆ ತುಂಬುತ್ತಿರಲಿಲ್ಲ.

ಅಕ್ಕನಿಗೂ ಇದೇ ಕೇಂದ್ರ ಮಿಷಿನ್ ಕೊಟ್ಟಿತ್ತು. ಅದರ ಕಿರಕಿರ ಸದ್ದೇ ಮಗುವಿಗೆ ಜೋಗುಳ. ಅಕ್ಕ ರಕ್ತ ಕೆಮ್ಮುತ್ತ ಹಾಸಿಗೆ ಹಿಡಿದು ಕೇಂದ್ರದ ವಾರದ ಸಭೆ ತಪ್ಪಿಸಿದಾಗ ಈ ಮೇಲ್ವಿಚಾರಕಿಯೇ ಗಾಡಿ ತಂದಳು. ದುಡಿಯದ ಕೈಗೆ ಮಿಷಿನ್ ಯಾಕೆ ಅಂದಳು. ಅಕ್ಕ ಮಿಷಿನ್ನಿನ ಕಾಲು ಹಿಡಿದಳು, ಇವಳ ಕಾಲೂ ಹಿಡಿದಳು. ಎರಡೂ ಬಿಡಿಸಿಕೊಂಡು ಹೋದವು. ಆಮೇಲೆ ಅಕ್ಕ ಹೆಚ್ಚು ದಿನ ಉಳಿಯಲಿಲ್ಲ. ಮಗು ಮಾತ್ರ ನಿದ್ದೆ ಬಿಟ್ಟು, ಗೋಡೆ ನೋಡುತ್ತ ಇಲ್ಲದ ಆ ಸದ್ದಿಗೆ ಕಿವಿಗೊಟ್ಟು ಮಲಗಿರುತ್ತಿತ್ತು. ನನಗೆ ಭಯವಾಗುತ್ತಿತ್ತು.

ವೇದಿಕೆಯ ಮೇಲೆ ಅತಿಥಿಗಳು ಪರದೆ ಸರಿಸಿದರು. ಹಸಿರು ಬಣ್ಣದ ಮಿಷಿನ್ ಮಿರಮಿರ ಮಿಂಚುತ್ತಿತ್ತು. ನಾಲ್ಕು ಹೊಲಿಗೆ ಹಾಕಿ ತೋರಿಸಮ್ಮ ಎಂದರು. ಬಟ್ಟೆ ಯಾರೂ ಇಟ್ಟಿರಲಿಲ್ಲ. ಫೋಟೋಗೆ ಅದು ಬೇಕಿರಲಿಲ್ಲ. ಕೂತು ಪೆಡಲಿನ ಮೇಲೆ ಕಾಲಿಟ್ಟೆ. ಹೆಬ್ಬೆರಳಿಗೆ ತಂತಿ ತಾಗಿತು. ಪೆಡಲು ಮುರಿದಾಗ ನನ್ನೆದುರೇ ಅಕ್ಕ ಸುತ್ತಿದ್ದ ತಂತಿ. ಬಿಚ್ಚುವ ಗೋಜಿಗೂ ಹೋಗದೆ ಅದರ ಮೇಲೇ ಬಣ್ಣ ಬಳಿದಿದ್ದರು. ತುಳಿದೆ. ಅದೇ ಸದ್ದು.

ಸಭೆಯ ಹಿಂದಿನ ಸಾಲಿನಿಂದ ಮಗು ಎದ್ದು ಓಡಿ ಬಂತು.

“ಅಮ್ಮ ಬಂದ್ಲು.”

ವೇದಿಕೆ ಹತ್ತಿ ಮಿಷಿನ್ನಿನ ಕೆಳಗೆ ಹುಡುಕಿತು, ಪರದೆಯ ಹಿಂದೆ ಹುಡುಕಿತು. ಮತ್ತೆ ಬಂದು ಮಿಷಿನ್ನಿನ ಕಾಲಿಗೆ ತಲೆ ಆನಿಸಿ ಕೂತಿತು. ಎಷ್ಟೋ ದಿನದ ನಿದ್ದೆ ಅದರ ಕಣ್ಣಿಗೆ ಹತ್ತಿತು.

ಮೇಲ್ವಿಚಾರಕಿ ನನ್ನ ಬಾಯಿಗೆ ಮೈಕ್ ಹಿಡಿದು, ಸಾಕು ನಿಲ್ಲಿಸಿ ಮಾತು ಹೇಳೇ ಎಂದು ಹಲ್ಲು ಕಡಿದಳು.

“ಇವಳಮ್ಮ ಸಾಯ್ತಾ ಮಲಗಿದ್ದಾಗ ನೀವು ಕಿತ್ಕೊಂಡು ಹೋದ ಮಿಷಿನ್ ಇದು,” ಅಂದೆ. “ಈಗ ಬಣ್ಣ ಬಳಿದು ನನಗೆ ದಾನ ಮಾಡ್ತಿದ್ದೀರಿ.”

ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ನಿಂತವು. ಅವಳು ಮೈಕ್ ಕಿತ್ತುಕೊಂಡು ಇಬ್ಬರು ಆಳುಗಳಿಗೆ ಸನ್ನೆ ಮಾಡಿದಳು. ಅವರು ಬಂದು ಮಿಷಿನ್ನಿನ ಎರಡು ಬದಿ ಹಿಡಿದರು. ನಾನು ಕಾಲು ತೆಗೆಯಲಿಲ್ಲ.

“ಮುಟ್ಬೇಡಿ. ಮಗು ಮಲಗಿದೆ.”

ಅವರು ಕೆಳಗೆ ನೋಡಿದರು. ಬಟ್ಟೆಯಿಲ್ಲದ ಸೂಜಿ ಏಳುತ್ತ ಬೀಳುತ್ತ ಇತ್ತು. ನಾನು ತುಳಿಯುತ್ತಲೇ ಇದ್ದೆ.