ಅಣ್ಣನ ಕಡೆಯವರು

“ನಿನ್ನ ಕಡೆಯವರು ಇವತ್ತು ಅಂಗಾಲಿಗೂ ಬಂದ್ರು ನೋಡಣ್ಣ,” ಎಂದು ಆಸ್ಪತ್ರೆಯ ಮಂಚದ ಮೇಲಿದ್ದ ತಮ್ಮ, ಹೊದಿಕೆಯಿಂದ ಕಾಲು ಹೊರಗೆ ಹಾಕಿದ. ಅಂಗಾಲು ಬೆಂದಂತೆ ಕೆಂಪಾಗಿತ್ತು. ಕಿವಿ, ಕತ್ತು, ಅಂಗೈ ನಿನ್ನೆಯೇ ಕೆಂಪೇರಿದ್ದವು. ಕಣ್ಣಿನ ಬಿಳಿಭಾಗ ಹಳದಿಗೆ ತಿರುಗಿತ್ತು.

ಅಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಖಕ್ಕೆ ಮಾಸ್ಕ್ ಇದ್ದದ್ದು ಒಳ್ಳೆಯದೇ ಆಯಿತು.

ತಮ್ಮ ‘ನಿನ್ನ ಕಡೆಯವರು’ ಎನ್ನುತ್ತಿದ್ದದ್ದು ಅಣ್ಣನ ಮೈಯಿಂದ ಬಂದ ಜೀವಕೋಶಗಳಿಗೆ. ತಮ್ಮನಿಗೆ ರಕ್ತದ ಕ್ಯಾನ್ಸರ್. ರಕ್ತ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ರಕ್ತ ಹುಟ್ಟಿಸುವ ಆಕರಕೋಶಗಳೇ, ಆಸ್ಪತ್ರೆಯವರ ಬಾಯಲ್ಲಿ ಸ್ಟೆಮ್ ಸೆಲ್‌ಗಳೇ, ಕೆಟ್ಟು ಕೂತಿದ್ದವು. ಕಟುವಾದ ಔಷಧಿ ಕೊಟ್ಟು ಅವನ್ನೆಲ್ಲ ಸುಟ್ಟು, ಖಾಲಿ ಬಿದ್ದ ಜಾಗಕ್ಕೆ ಇನ್ನೊಬ್ಬರ ಆಕರಕೋಶ ತುಂಬಬೇಕಿತ್ತು. ಹೊಂದಿಕೆಯಾದದ್ದು ಅಣ್ಣನದು. ಅವು ತಮ್ಮನ ಮೂಳೆಯಲ್ಲಿ ಬೇರೂರಿ ಹೊಸ ರಕ್ತವೂ ಹುಟ್ಟಿ, ಮನೆಯವರೆಲ್ಲ ಅಬ್ಬಾ ಎಂದು ಕೂತಿದ್ದೇ ತಡ, ಜೊತೆಯಲ್ಲಿ ಬಂದಿದ್ದ ಬಿಳಿ ರಕ್ತಕಣಗಳಿಗೆ ತಮ್ಮನ ಮೈಯೇ ಪರರದ್ದಾಗಿ ಕಂಡಿತು. ಚರ್ಮ, ಕರುಳು, ಯಕೃತ್ತು, ಕಂಡಕಂಡದ್ದರ ಮೇಲೆ ಬಿದ್ದವು.

ಈ ಕಾಯಿಲೆಗೆ ಮುಂಚೆ ಅಣ್ಣ ತಮ್ಮಂದಿರಿಗೆ ಮಾತು ಬಿಟ್ಟುಹೋಗಿದ್ದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಇಬ್ಬರೂ ಕ್ಷೌರಿಕರು. ಅಪ್ಪನ ಕಾಲದ ಅಂಗಡಿಯಲ್ಲಿ ಎರಡು ಕುರ್ಚಿ, ಒಬ್ಬೊಬ್ಬರಿಗೆ ಒಂದೊಂದು. ತನ್ನ ತಲೆಯ ಹಿಂಭಾಗ ತನಗೆ ಎಟುಕುವುದಿಲ್ಲವಲ್ಲ, ರಜೆಯ ದಿನ ಶಟರ್ ಅರ್ಧ ಇಳಿಸಿಕೊಂಡು ಒಬ್ಬರ ಕೂದಲು ಒಬ್ಬರು ಕತ್ತರಿಸುವುದು ರೂಢಿ. ಹಾಗಿರುವಾಗ ಒಂದು ದಿನ ಅಣ್ಣನ ಹಳೆಯ ಗಿರಾಕಿ, ನಿವೃತ್ತ ಹೆಡ್‌ಮಾಸ್ತರರು, ಅವಸರದಲ್ಲಿ ತಮ್ಮನ ಕುರ್ಚಿಯಲ್ಲಿ ಕೂತರು. ಕಿವಿಯ ಹತ್ತಿರ ಒಂದಿಷ್ಟು ಸೊಟ್ಟಗಾಯಿತು. ಅಷ್ಟಕ್ಕೇ ಅಣ್ಣ ತುಂಬಿದ ಅಂಗಡಿಯಲ್ಲಿ, “ನಿನ್ನ ಕೈಗೆ ನಾಯಿನೂ ತಲೆ ಕೊಡಲ್ಲ ಕಣೋ!” ಎಂದುಬಿಟ್ಟ. ಬೆಂಚಿನ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ತಮ್ಮ ಕತ್ತರಿ ಜೇಬಿಗೆ ಹಾಕಿಕೊಂಡು ಹೊರಟುಹೋದ. ಸ್ವಲ್ಪ ದಿನಕ್ಕೆ ಎದುರಿನಲ್ಲೇ ಅಂಗಡಿ ತೆರೆದ.

ಆಮೇಲಿನದು ಬೇರೆಯೇ ಸಂಕಟ. ಕನ್ನಡಿಯ ಕಡೆ ಮುಖ ಮಾಡಿ ನಿಂತರೆ ಗಿರಾಕಿಯ ತಲೆಯ ಆಚೆ ಬೀದಿ, ಬೀದಿಯ ಆಚೆ ತಮ್ಮನ ಬೆನ್ನು. ಮುಖ ನೋಡಬಾರದೆಂದು ಹಟ ಹಿಡಿದವರು ದಿನವಿಡೀ ಕನ್ನಡಿಯಲ್ಲಿ ಒಬ್ಬರ ಬೆನ್ನು ಒಬ್ಬರು ನೋಡುತ್ತ ದುಡಿದರು. ಕೂದಲು ಕತ್ತರಿಸಿಕೊಳ್ಳಲು ಇಬ್ಬರೂ ಬೇರೆ ಬೇರೆ ಬೀದಿಗೆ ಹೋಗುತ್ತಿದ್ದರು.

ತಮ್ಮನ ಹೆಂಡತಿ ಬಂದು ಬಾಗಿಲಲ್ಲಿ ನಿಂತು, “ಭಾವ, ಅವರು ಉಳೀಬೇಕಾದ್ರೆ ನಿಮ್ಮಿಂದ ಆಗಬೇಕಂತೆ,” ಎಂದಾಗ ಅಣ್ಣ ಗಿರಾಕಿಯ ಅರ್ಧ ಗಡ್ಡಕ್ಕೆ ಸೋಪು ಹಚ್ಚಿದ್ದ. “ಎಲ್ಲಿಗೆ ಬರಬೇಕಮ್ಮ?” ಎಂದವನೇ ಬ್ರಷ್ ಕೆಳಗಿಟ್ಟು ಹೊರಟ. ಆಕರಕೋಶಗಳು ಮೂಳೆಯಿಂದ ರಕ್ತಕ್ಕಿಳಿಯಲೆಂದು ಸೂಜಿ ಚುಚ್ಚಿಸಿಕೊಂಡ, ಆ ಔಷಧಿಗೆ ಸೊಂಟ, ಬೆನ್ನಿನ ಮೂಳೆಗಳೆಲ್ಲ ಒಳಗಿಂದ ಯಾರೋ ಹಿಗ್ಗಿಸಿದಂತೆ ನೋಯುತ್ತಿದ್ದವು. ಆಮೇಲೆ ಯಂತ್ರದ ಪಕ್ಕ ಮಲಗಿದ. ಒಂದು ತೋಳಿನಿಂದ ಹೊರಟ ರಕ್ತ ಯಂತ್ರದಲ್ಲಿ ಸೋಸಿ ಇನ್ನೊಂದು ತೋಳಿಗೆ ಬರುವುದನ್ನು ನೋಡುತ್ತ, ಇನ್ನು ಕ್ಷಮಿಸು ಗಿಮಿಸು ಅಂತೆಲ್ಲ ಬಾಯಿಬಿಟ್ಟು ಹೇಳುವ ಅಗತ್ಯವಿಲ್ಲ ಎಂದುಕೊಂಡ. ಕೊಟ್ಟದ್ದೇ ಸಾಕು, ಅದೇ ಹೋಗಿ ಹೇಳುತ್ತದೆ ಎಂದು ಅವನ ಲೆಕ್ಕಾಚಾರ. ಅಲ್ಲೇ ಅವನು ಎಡವಿದ್ದು.

ಅಂಗಾಲು ಕೆಂಪಾದ ದಿನವೇ ಕಾರಿಡಾರಿನಲ್ಲಿ ಡಾಕ್ಟರಮ್ಮ ಸಿಕ್ಕರು. “ಒಂದು ಮಾತು ಕೇಳ್ತೀನಿ, ನಗಬೇಡಿ ತಾಯಿ,” ಎಂದ ಅಣ್ಣ. “ನನ್ನ ಸಿಟ್ಟೇನಾದ್ರೂ ಅದರ ಜೊತೆ ಹೋಗಿರುತ್ತಾ?”

ಡಾಕ್ಟರಮ್ಮ ನಗಲಿಲ್ಲ. “ಇಲ್ಲಪ್ಪ. ಕಣಗಳಿಗೆ ಸಿಟ್ಟೂ ಇಲ್ಲ, ಅಣ್ಣ ತಮ್ಮ ಅಂತಾನೂ ಇಲ್ಲ. ಹೊಸ ಜಾಗ, ಅಪರಿಚಿತರು ಅಂತ ಹೊಡೀತವೆ. ಸ್ವಲ್ಪ ಜಗಳ ಆದ್ರೆ ನಮಗೂ ಒಳ್ಳೇದೇ, ಅಳಿದುಳಿದ ಕ್ಯಾನ್ಸರನ್ನೂ ಹೊಡೆದು ಹಾಕ್ತವೆ. ಇವರಿಗೆ ಮಿತಿ ಮೀರಿಹೋಯ್ತು.”

“ಔಷಧಿ?”

“ಇರೋದೆಲ್ಲ ಕೊಟ್ಟು ನೋಡಿದ್ವಿ. ಯಾವುದಕ್ಕೂ ಬಗ್ತಿಲ್ಲ.” ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು, “ಮನೆಗೆ ಹೋಗ್ಬೇಕು ಅಂತ ಹಟ ಮಾಡ್ತಿದಾರೆ. ಕರ್ಕೊಂಡು ಹೋಗಿ.”

ಹೇಳಬೇಕಾದ ಮಾತಿಗೆ ಇನ್ನು ಹೆಚ್ಚು ದಿನವಿಲ್ಲವೆಂದು ಅಣ್ಣನಿಗೆ ಅರ್ಥವಾಯಿತು.

ಕಾರು ಬೀದಿಗೆ ತಿರುಗಿದಾಗ ತಮ್ಮ ಕಣ್ಣು ತೆರೆದ. “ಮೊದಲು ಅಂಗಡಿ,” ಎಂದ.

“ಈ ಸ್ಥಿತೀಲಿ ಅಂಗಡಿನಾ!” ಎಂದು ಹೆಂಡತಿ ಕಣ್ಣೊರೆಸಿಕೊಂಡಳು. ಅಣ್ಣ ಇಳಿದು ಶಟರ್ ಎತ್ತಿದ. ತಮ್ಮನ ಅಂಗಡಿಯೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಕನ್ನಡಿಯ ಕೆಳಗೆ ಬಾಚಣಿಗೆಗಳು ಅಪ್ಪ ಜೋಡಿಸುತ್ತಿದ್ದ ಹಾಗೆಯೇ ಉದ್ದದ ಪ್ರಕಾರ ಸಾಲಾಗಿದ್ದವು.

ಗಾಲಿಕುರ್ಚಿಯಲ್ಲಿ ತಮ್ಮನನ್ನು ಒಳಗೆ ತಂದ ಮೇಲೆ ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಅಣ್ಣ ಮೊಳೆಯಲ್ಲಿದ್ದ ಬಟ್ಟೆ ತೆಗೆದು ಒಮ್ಮೆ ಕೊಡವಿ, ತನ್ನ ಕೊರಳಿಗೆ ತಾನೇ ಕಟ್ಟಿಕೊಂಡ. “ಕೂದಲು ಸಿಕ್ಕಾಪಟ್ಟೆ ಬೆಳೆದಿದೆ. ಸ್ವಲ್ಪ ನೋಡು,” ಎಂದು ಕುರ್ಚಿಯ ಮೇಲೆ ಕೂತ.

ತಮ್ಮ ಅವನನ್ನೇ ನೋಡಿದ. “ಅಲ್ಲಿ ಕೂತ್ರೆ ಕೈ ಎಟುಕಲ್ಲ. ಕೆಳಗೆ ಬಾ.”

ಅಣ್ಣ ನೆಲಕ್ಕಿಳಿದು ತಮ್ಮನ ಮೊಣಕಾಲಿಗೆ ಬೆನ್ನು ಕೊಟ್ಟು ಕೂತ. ತಮ್ಮನ ಬೆರಳುಗಳ ಚರ್ಮ ಸುಲಿದಿತ್ತು; ಹೆಂಡತಿ ಕತ್ತರಿಯ ಹಿಡಿಗೆ ಹತ್ತಿಬಟ್ಟೆ ಸುತ್ತಿ ಕೊಟ್ಟಳು.

“ನಾಯಿನೂ ಕೊಡಲ್ಲ ಅಂದಿದ್ದೆ,” ಎಂದ ತಮ್ಮ.

“ಅಂದಿದ್ದೆ. ತಪ್ಪು ಮಾತಾಡ್ದೆ ಕಣೋ. ಅದೂ ಎಲ್ಲರೆದುರಿಗೆ.”

“ಎಲ್ಲರೂ ನಕ್ಕಿದ್ರು.”

“ಹೂಂ.”

ಕತ್ತರಿ ಕಿವಿಯ ಪಕ್ಕ ನಿಧಾನವಾಗಿ ಕಚಕ್ ಎಂದಿತು. ಮತ್ತೆ ನಿಂತಿತು. “ತಲೆ ಅಲ್ಲಾಡಿಸ್ಬೇಡ ಮಾರಾಯ. ಇಷ್ಟು ವರ್ಷ ಕೆಲಸ ಮಾಡಿ ಗಿರಾಕಿ ಆಗಿ ಕೂರೋಕೆ ಬರಲ್ವಲ್ಲ ನಿಂಗೆ.”

ಅಣ್ಣ ಅಲ್ಲಾಡಿಸುತ್ತಿರಲಿಲ್ಲ. ಅಳು ತಡೆಯಲಾಗದೆ ಮೈಯೇ ಅಲ್ಲಾಡುತ್ತಿತ್ತು. ತಮ್ಮನಿಗೂ ಅದು ಗೊತ್ತಾಗಿರಬೇಕು. ಕತ್ತರಿ ಹಿಡಿದ ಕೈಯನ್ನು ಅಣ್ಣನ ನೆತ್ತಿಯ ಮೇಲೆ ಊರಿದ. ಒಂದು ಬದಿ ಮುಗಿಯುವ ಹೊತ್ತಿಗೆ ಅವನ ಕೈ ಸೋತುಹೋಗಿತ್ತು.

“ಆ ಕಡೇದು ನಾಳೆ ಮಾಡ್ತೀನಣ್ಣ.”

“ಆಗ್ಲಿ. ಏನು ಅವಸರ,” ಎಂದ ಅಣ್ಣ.

ಮಾರನೆಯ ದಿನ ತಮ್ಮನಿಗೆ ಎಚ್ಚರವಿರಲಿಲ್ಲ. ಅದರ ಮಾರನೆಯ ದಿನ ಹೋಗಿಬಿಟ್ಟ.

ಕೆಲವು ದಿನ ಬಿಟ್ಟು ಅಣ್ಣ ಅಂಗಡಿ ತೆರೆದ. ಅವನ ಎಡಗಡೆ ಕಿವಿಯ ಮೇಲೆ ಕೂದಲು ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು, ಬಲಗಡೆ ಕಿವಿಯೇ ಮುಚ್ಚಿತ್ತು. ಅಂಗಡಿಯ ಕೆಲಸಗಾರ ನೋಡಿ ನೋಡಿ ತಡೆಯಲಾರದೆ, “ಆ ಕಡೆ ಸಮ ಮಾಡ್ಲಾ?” ಎಂದು ಕೇಳಿದ. “ಮುಟ್ಟಬೇಡ,” ಎಂದ ಅಣ್ಣ.

ಹೊತ್ತೇರಿದ ಮೇಲೆ ಹೆಡ್‌ಮಾಸ್ತರರು ಬಂದರು. ಬೆಂಚು ತುಂಬಿತ್ತು. ಊರಲ್ಲಿರದಿದ್ದ ಅವರಿಗೆ ಸಾವಿನ ಸುದ್ದಿ ತಿಳಿದಿರಲಿಲ್ಲ. “ಏನಯ್ಯಾ ಇದು, ಯಾವನು ನಿನ್ನ ತಲೆ ಹೀಗೆ ಕೆಡಿಸಿದ್ದು?” ಎಂದರು. ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು.

“ನನ್ನ ತಮ್ಮ ಕತ್ತರಿಸಿದ್ದು ಸಾರ್,” ಎಂದ ಅಣ್ಣ, ಎಲ್ಲರಿಗೂ ಕೇಳಿಸುವಂತೆ.

ಯಾರೂ ನಗಲಿಲ್ಲ. ಅಣ್ಣ ಬಟ್ಟೆ ಕೊಡವಿ ಮಾಸ್ತರರ ಕೊರಳಿಗೆ ಕಟ್ಟಿ ಕತ್ತರಿ ಕೈಗೆತ್ತಿಕೊಂಡ. ಕನ್ನಡಿಯಲ್ಲಿ ಅವರ ತಲೆಯ ಆಚೆ ಬೀದಿ, ಬೀದಿಯ ಆಚೆ ಎಳೆದ ಶಟರ್.