ಒಬ್ಬ ಅಜ್ಜಿಯ ಉತ್ತರ

"ಆ ಅಜ್ಜಿ ನಿಜವಾಗ್ಲೂ ಏನಂದ್ರು, ಅತ್ತಿಗೆ?"

ಊಟದ ಡಬ್ಬಿ ತೆರೆಯುತ್ತಿದ್ದ ಅತ್ತಿಗೆಯ ಕೈ ನಿಂತಿತು. ಅಣ್ಣ ತೀರಿಕೊಂಡ ಮೇಲೆ, ಮನೆಮನೆಗೆ ಹೋಗಿ ಜನರ ಅಭಿಪ್ರಾಯ ಬರೆದುಕೊಂಡು ಬರುವ ಈ ಕೆಲಸವನ್ನು ಕೊಡಿಸಿದ್ದು, ಅದೇ ಕಚೇರಿಯಲ್ಲಿ ಲೆಕ್ಕ ಹಾಕುವ ನಾದಿನಿಯೇ.

"ಏನೂ ಅನ್ನಲಿಲ್ಲ ಕಣೆ. ಕಿವಿ ಮಂದ. ಕೂಗಿ ಕೂಗಿ ಕೇಳ್ದೆ, ನನ್ನ ಮುಖಾನೇ ನೋಡ್ತಾ ಕೂತಿದ್ರು. ಮಗ ಒಳಗಿಂದ, 'ಆಸ್ಪತ್ರೆ ಮುಚ್ಚಿದ್ರೆ ಮುಚ್ಕೊಳ್ಲಿ, ಬರ್ಕೊಂಡು ಹೋಗಮ್ಮ' ಅಂದ. ಬರ್ಕೊಂಡೆ."

"ಅವರು ಹೇಳ್ದೇ ಇದ್ದಿದ್ದನ್ನ?"

"ಮದುವೇಲಿ ನನ್ನನ್ಯಾರು ಕೇಳಿದ್ರು? ತಲೆ ತಗ್ಗಿಸಿ ಕೂತಿದ್ದೆ, ಹುಡುಗಿ ಒಪ್ಪಿದ್ಲು ಅಂದ್ರು. ನಿಮ್ಮಣ್ಣನ ಜೊತೆ ಬಾಳ್ಲಿಲ್ವಾ?"

ಅತ್ತಿಗೆ ನಕ್ಕಳು. ನಾದಿನಿ ನಗಲಿಲ್ಲ.

ಕಣಿವೆಯ ಆಸ್ಪತ್ರೆ ಮುಚ್ಚಿ ಪಟ್ಟಣದ್ದಕ್ಕೆ ಸೇರಿಸಬಹುದೇ ಎಂಬುದು ಪ್ರಶ್ನೆ. ಸಮೀಕ್ಷೆಗೆ ಸಿಗುವವರು ಕೆಲವರೇ. ಎಲ್ಲಿ, ಯಾವ ವಯಸ್ಸಿನ, ಎಷ್ಟು ಓದಿದ ಜನ ಎಷ್ಟಿದ್ದಾರೆಂದು ಜನಗಣತಿ ಹೇಳುತ್ತದೆ. ಸಿಕ್ಕವರ ಮಾತನ್ನು ಆ ಅಳತೆಗೆ ಹಿಗ್ಗಿಸುವುದು ನಾದಿನಿಯ ಕೆಲಸ. ಕಣಿವೆಯ ಓದು ಬಾರದ ಮುದುಕಿಯರಲ್ಲಿ ಸಿಕ್ಕಿದ್ದು ಈ ಅಜ್ಜಿ ಒಬ್ಬಳೇ. ಗಣತಿಯಲ್ಲಿ ಅಂಥವರು ಸಾವಿರಕ್ಕೂ ಹೆಚ್ಚು. ಒಬ್ಬ ಮಗ ಒಳಗಿನಿಂದ ಕೂಗಿದ್ದಕ್ಕೆ ಲೆಕ್ಕದಲ್ಲಿ ಅವರೆಲ್ಲ ಈಗ 'ಮುಚ್ಚಲಿ' ಎನ್ನುತ್ತಿದ್ದರು.

"ಸಾಹೇಬ್ರಿಗೆ ಹೇಳ್ತೀಯಾ?" ಅತ್ತಿಗೆಯ ದನಿ ಇಳಿಯಿತು. "ಕೆಲ್ಸ ತೆಗೀತಾರೆ ಕಣೆ. ನಾಳೆ ಮೊದಲ ಬಸ್ಸಿಗೆ ಹೋಗಿ, ಕೈಸನ್ನೆ ಮಾಡಿಯಾದ್ರೂ ಕೇಳ್ಕೊಂಡು ಬರ್ತೀನಿ."

ವರದಿ ಸಂಜೆಗೆ ಹೋಗಬೇಕಿತ್ತು. ಒಂದು ದಿನ ತಡವೆಂದರೆ ಸಾಹೇಬರು ಕಾರಣ ಕೇಳುತ್ತಾರೆ.

"ಬೇಡ. ನೀವು ಊಟ ಮಾಡಿ."

ನಾದಿನಿ ಅಜ್ಜಿಯ ಉತ್ತರವನ್ನು ಅಳಿಸಿದಳು. ಯಾರೂ ಸಿಗದ ಕಡೆಗೆ ಕಂಪ್ಯೂಟರು ಬೇರೆ ಕಡೆಯ ಅಂಥವರ ಮಾತನ್ನೇ ಎರವಲು ತರುತ್ತದೆ. ಈ ಸಲ ತಂದದ್ದು ಹೆಚ್ಚಾಗಿ ಪಟ್ಟಣದ ಮುದುಕಿಯರದ್ದು. ಪಟ್ಟಣದ ಆಸ್ಪತ್ರೆ ಅವರ ಬೀದಿಯ ಕೊನೆಯಲ್ಲೇ ಇದೆ. ಕಣಿವೆಯದ್ದು ಮುಚ್ಚಿದರೆ ಅವರಿಗೇನು? ಮುಚ್ಚುವುದಕ್ಕೆ ಕಣಿವೆಯ ಒಪ್ಪಿಗೆ ಇಳಿಯಲಿಲ್ಲ. ಅವಳು ಕಾಗುಣಿತ ತಿದ್ದುವವಳಂತೆ ಇನ್ನೊಮ್ಮೆ ಲೆಕ್ಕ ನಡೆಸಿ ನೋಡಿದಳು. ಅದೇ ಬಂತು. ವರದಿ ಕಳಿಸಿದಳು.

"ಏನಾಯ್ತು?"

"ತೆಗೆದುಬಿಟ್ಟೆ. ನಿಮ್ಮ ಕೆಲಸಕ್ಕೇನೂ ಆಗಲ್ಲ."

"ಅಜ್ಜಿಗೆ?"

ನಾದಿನಿ ಪರದೆಯನ್ನು ಅತ್ತಿಗೆಯ ಕಡೆ ತಿರುಗಿಸಿದಳು. ನಕ್ಷೆಯ ತುಂಬ ಒಪ್ಪಿಗೆಯ ಒಂದೇ ತಿಳಿ ಹಸಿರು.

"ಇದ್ರಲ್ಲಿ ಕಣಿವೆ ಎಲ್ಲಿದೆಯೇ?" ಎಂದಳು ಅತ್ತಿಗೆ. ಅವಳ ಬೆರಳು ಗಾಜಿನ ಮೇಲೆ ನಿಧಾನವಾಗಿ ಸರಿಯಿತು, ಎಲ್ಲೂ ನಿಲ್ಲದೆ.