ಹಬ್ಬದ ಎಣ್ಣೆ

ಸೌಮ್ಯ ಎರಡು ಬ್ರೇಕನ್ನೂ ಒಟ್ಟಿಗೆ ಹಿಡಿದಳು. ಸೈಕಲ್ಲು ಕುಯ್ಯೆಂದು ಕೂಗಿತೇ ಹೊರತು ನಿಲ್ಲಲಿಲ್ಲ. ಎದುರುಮನೆ ಈರಪ್ಪನವರ ಗೇಟಿಗೆ ಮುಂದಿನ ಟಯರು ಗುದ್ದಿದ ಮೇಲೆಯೇ ನಿಂತದ್ದು. ಗೇಟಿಗೆ ಕಟ್ಟಿದ್ದ ಚೆಂಡುಹೂವಿನ ಹಾರ ಕಿತ್ತು ಹ್ಯಾಂಡಲ್ಲಿಗೆ ಸುತ್ತಿಕೊಂಡಿತು. ಜಗುಲಿಯಲ್ಲಿ ಪೇಪರು ಓದುತ್ತಿದ್ದ ಈರಪ್ಪನವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಹಬ್ಬ ಜೋರಾಯಿತೇನಮ್ಮ ಎಂದು ಕೇಳಿ, ಮತ್ತೆ ಪೇಪರಿಗೆ ಮರಳಿದರು.

ಆಯುಧಪೂಜೆಯ ಮರುದಿನ ಬೆಳಿಗ್ಗೆ. ಅಜ್ಜಂಪುರದ ಆ ಬೀದಿಯ ತುಂಬ ಹಿಂದಿನ ದಿನ ಒಡೆದ ಬೂದುಗುಂಬಳದ ಹೋಳುಗಳು ಬಿದ್ದಿದ್ದವು. ಸೌಮ್ಯ ಸೈಕಲ್ಲನ್ನು ಗೋಡೆಗೆ ಒರಗಿಸಿ ಬಗ್ಗಿ ನೋಡಿದಳು. ಚಕ್ರದ ನಡುವಿನ ತೆಳ್ಳನೆಯ ಉಕ್ಕಿನ ತಟ್ಟೆ, ಬ್ರೇಕು ಕಚ್ಚಿ ಹಿಡಿಯುವ ಡಿಸ್ಕು, ಹೊಸ ಸ್ಟೀಲ್ ಪಾತ್ರೆಯ ಹಾಗೆ ಮಿಂಚುತ್ತಿತ್ತು. ಬೆರಳಿಟ್ಟರೆ ಜಾರಿತು. ಮೂಸಿದಳು. ಹರಳೆಣ್ಣೆ. ಡಿಸ್ಕಿನ ತೂತುಗಳಲ್ಲಿ ಎಣ್ಣೆಯ ಜೊತೆ ಕಲಸಿಹೋದ ವಿಭೂತಿ ಕೂತಿತ್ತು. ಹಿಂದಿನ ಚಕ್ರಕ್ಕೂ ಅಷ್ಟೇ ಧಾರಾಳವಾಗಿ ಉಪಚಾರವಾಗಿತ್ತು.

ಯಾರ ಕೆಲಸವೆಂದು ಪತ್ತೇದಾರಿ ಮಾಡಬೇಕಾಗಿರಲಿಲ್ಲ. ಆ ಮನೆಯಲ್ಲಿ ಹರಳು ಕುಟ್ಟಿ ಎಣ್ಣೆ ಕಾಯಿಸುವವರೂ ಅದನ್ನು ಕಂಡಕಂಡದ್ದಕ್ಕೆಲ್ಲ ಹಚ್ಚುವವರೂ ಒಬ್ಬರೇ, ಅತ್ತೆ ತೀರ್ಥಮ್ಮ. ಮೊಮ್ಮಕ್ಕಳ ನೆತ್ತಿ, ಬಾಗಿಲ ತಿರುಗಣಿ, ಹೊಲಿಗೆ ಮಿಷನ್ನು, ಮಗ ಓಂಕಾರೇಶನ ಸ್ಕೂಟರಿನ ಸ್ಟ್ಯಾಂಡು, ಆಯುಧಪೂಜೆಯ ದಿನ ಇವು ಯಾವುವೂ ಅವರ ಕೈ ತಪ್ಪಿಸಿಕೊಳ್ಳುವಂತಿರಲಿಲ್ಲ. ಸೈಕಲ್ಲು ಮಾತ್ರ ಇದುವರೆಗೆ ತಪ್ಪಿಸಿಕೊಂಡಿತ್ತು, ಏಕೆಂದರೆ ತೀರ್ಥಮ್ಮನ ಲೆಕ್ಕದಲ್ಲಿ ಅದು ಮನೆಯ ವಸ್ತುವೇ ಆಗಿರಲಿಲ್ಲ. ಅದರ ಹೆಸರನ್ನೂ ಹೇಳದೆ ‘ಅದು’ ಎನ್ನುತ್ತಿದ್ದರು. ಪಡಸಾಲೆಯಲ್ಲಿದ್ದದ್ದನ್ನು ಹಿತ್ತಲಿಗೆ ಹಾಕಿಸಿದ್ದೂ ಅವರೇ.

ಸೌಮ್ಯ ಬುಕ್ಕಾಂಬುಧಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಬಸ್ಸಿಗೆ ಕಾದು ಬೇಸತ್ತು ಸೈಕಲ್ಲು ಹತ್ತಿದವಳು. ಆಮೇಲೆ ತರೀಕೆರೆಯಲ್ಲಿ ನರ್ಸ್ ಆಗಿರುವ ಗೆಳತಿ ಅಶ್ವಿನಿ ಅವಳನ್ನು ಗುಡ್ಡ ಹತ್ತಿಸಿದಳು. ಲಿಂಗದಹಳ್ಳಿಯ ಮೇಲಿನ ಗುಡ್ಡಗಳಿಂದ ದನದ ಹಾದಿಯಲ್ಲಿ ಸೈಕಲ್ಲು ಇಳಿಸುವ ಐದಾರು ಜನರ ಗುಂಪು ಅದು. ಆ ಹಾದಿಯ ಕೊನೆಗೆ ಉರುಡುಗಲ್ಲು ಎಂಬ ಇಳಿಜಾರಿದೆ. ಹೆಸರೇ ಹೇಳುವ ಹಾಗೆ ಕಾಲಿಟ್ಟರೆ ಕಲ್ಲುಗಳು ಉರುಳುತ್ತವೆ. ಹೋದ ಎರಡು ಸಲವೂ ಸೌಮ್ಯ ಅಲ್ಲಿ ಇಳಿದು, ಸೈಕಲ್ಲು ಹಿಡಿದುಕೊಂಡು ನಡೆದೇ ಬಂದಿದ್ದಳು. ಕೆಳಗೆ ಕಾಯುತ್ತಿದ್ದವರು ಏನೂ ಅಂದಿರಲಿಲ್ಲ. ಅವಳಿಗೆ ಚುಚ್ಚಿದ್ದು ಅದೇ. ಮುಂದಿನ ಸಲ ಕಾಲು ನೆಲಕ್ಕೆ ತಾಗಿಸದೆ ಇಳಿಯುತ್ತೇನೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟಿದ್ದಳು.

ಹೇಳಿದ ಮೇಲೆ ಸೈಕಲ್ಲಿನ ಹಿಂದೆ ಬಿದ್ದಳು. ಬೇಸಿಗೆ ರಜೆಯಿಂದ ದಸರೆಯವರೆಗೆ ಒಂದೊಂದೇ ಭಾಗ ಬದಲಾಯಿತು. ಅಗಲವಾದ ಟಯರು ಬಂತು. ಗಾಳಿ ಹೆಚ್ಚಾದರೆ ಕಲ್ಲಿನ ಮೇಲೆ ಪುಟಿಯುತ್ತದೆ, ಕಡಿಮೆಯಾದರೆ ರಿಮ್ಮು ಬಡಿಯುತ್ತದೆ ಎಂದು ದಿನಕ್ಕೊಂದು ಅಳತೆಯ ಗಾಳಿ ತುಂಬಿ ಬುಕ್ಕಾಂಬುಧಿ ಕೆರೆಯ ಏರಿ ಪಕ್ಕದ ಕಲ್ಲುಹಾದಿಯಲ್ಲಿ ಓಡಿಸಿ ನೋಡಿದಳು. ಹ್ಯಾಂಡಲ್ಲನ್ನು ತನ್ನ ಭುಜದ ಅಗಲಕ್ಕೆ ಎರಡೂ ತುದಿಯಲ್ಲಿ ಕೊಯ್ಯಿಸಿದಳು. ಬ್ರೇಕಿನ ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳಲಿಲ್ಲ. ಗುಂಪಿನವರೆಲ್ಲ ಒಂದೇ ಕಂಪನಿಯ ಬ್ರೇಕು ಹಾಕಿಸಿದ್ದರು, ದಾರಿಯಲ್ಲಿ ಏನಾದರೂ ಆದರೆ ಒಬ್ಬರದು ಒಬ್ಬರಿಗೆ ಆಗಲಿ ಎಂದು. ಅದರ ಹಿಡಿ ಸೌಮ್ಯಳ ಗಿಡ್ಡ ಬೆರಳಿಗೆ ಎಟುಕುತ್ತಿರಲಿಲ್ಲ. ಎಟುಕುವಂಥದ್ದನ್ನು ಹುಡುಕಿ ಹುಡುಕಿ ಬೇರೆಯದನ್ನೇ ತರಿಸಿದಳು.

ಮುಂದಿನ ಫೋರ್ಕಿನಲ್ಲಿ ಕಲ್ಲಿನ ಕುಲುಕು ತಡೆಯುವ ಶಾಕ್‌ಗೆ ತುಂಬುವ ಗಾಳಿ ಓಡಿಸುವವರ ತೂಕಕ್ಕೆ ತಕ್ಕಂತಿರಬೇಕು. ಹೆಲ್ಮೆಟ್ಟು, ಬ್ಯಾಗು, ನೀರು ಎಲ್ಲ ಸೇರಿದ ತೂಕ. ಅದಕ್ಕಾಗಿ ಅವಳು ಒಂದು ಸಂಜೆ ಸವಾರಿಯ ಪೂರ್ತಿ ವೇಷದಲ್ಲಿ ಓಂಕಾರೇಶನ ಈರುಳ್ಳಿ ಮಂಡಿಗೆ ಹೋಗಿ, ಹಮಾಲರೆಲ್ಲ ಮೂಟೆ ಇಳಿಸಿ ನೋಡುತ್ತಿರುವಾಗ ತೂಕದ ಯಂತ್ರದ ಮೇಲೆ ನಿಂತಳು. ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸೊಸೆಯನ್ನು ಈರುಳ್ಳಿಯ ಜೊತೆ ತೂಗಿದರಂತೆ ಎಂದು ತೀರ್ಥಮ್ಮ ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಹೇಳಿದರು. ಆ ವಾರವೆಲ್ಲ ಪಾತ್ರೆಗಳ ಜೊತೆಯೇ ಮಾತಾಡಿದರು.

ಹೀಗಿರುವಾಗ ಆಯುಧಪೂಜೆ ಬಂದಿತ್ತು. ಶಾಲೆಯ ಪೂಜೆ ಮುಗಿಸಿ ಸಂಜೆ ಬಂದ ಸೌಮ್ಯ ಪಡಸಾಲೆಯಲ್ಲಿ ನಿಂತುಬಿಟ್ಟಳು. ಹಿತ್ತಲಲ್ಲಿದ್ದ ಸೈಕಲ್ಲು ಒಳಗೆ ಬಂದಿತ್ತು. ಕೆಸರಿನ ಗುರುತಿಲ್ಲದೆ ಒರೆಸಿ, ಹ್ಯಾಂಡಲ್ಲಿಗೆ ವಿಭೂತಿ ಎಳೆದು, ಹೂ ಮುಡಿಸಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಿತ್ತು. ಅಮ್ಮ ಮಧ್ಯಾಹ್ನವೆಲ್ಲ ಅದರ ಮುಂದೆಯೇ ಕೂತಿದ್ದಳು ಎಂದು ಓಂಕಾರೇಶ ಮೆಲ್ಲಗೆ ಹೇಳಿದ. ಸೌಮ್ಯಳಿಗೆ ಬಹಳ ಸಂತೋಷವಾಯಿತು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅಷ್ಟು ಸಂತೋಷವಾದದ್ದು ನೆನಪಿರಲಿಲ್ಲ. ಆ ಖುಷಿಯಲ್ಲಿ ಡಿಸ್ಕಿನ ಕಡೆ ಕಣ್ಣು ಹೋಗಲಿಲ್ಲ.

ಈಗ ಈರಪ್ಪನವರ ಗೋಡೆಯ ಪಕ್ಕ ಅವಳಿಗೆ ಮೊದಲು ಬಂದದ್ದು ಕೋಪವೇ. ಮೈಯೆಲ್ಲ ಉರಿಯುವಂಥ ಕೋಪ. ಭಾನುವಾರಕ್ಕೆ ಗುಡ್ಡದ ಸವಾರಿ ಗೊತ್ತಾಗಿತ್ತು. ಗುಂಪನ್ನು ಕಟ್ಟಿದ ತರೀಕೆರೆಯ ಸಿದ್ದಲಿಂಗೇಶ್‌ಗೆ ಫೋನು ಮಾಡಿದಳು. ಡಿಸ್ಕು ಸ್ಪಿರಿಟ್ಟಿನಲ್ಲಿ ಒರೆಸಿದರೆ ಸರಿಹೋಗುತ್ತದೆ, ಆದರೆ ಅದನ್ನು ಒತ್ತಿ ಹಿಡಿಯುವ ಪ್ಯಾಡುಗಳು ಎಣ್ಣೆ ಕುಡಿದುಬಿಟ್ಟಿರುತ್ತವೆ, ಹೊಸದೇ ಬೇಕು ಎಂದ. ಅವನ ಹತ್ತಿರ ಇದ್ದವು ಅವಳ ಬ್ರೇಕಿಗೆ ಕೂರುವಂತಿರಲಿಲ್ಲ. ಆರ್ಡರ್ ಹಾಕಿದರೆ ಸೋಮವಾರದ ಮೇಲೆ ಬರುತ್ತವೆ. ಎಣ್ಣೆ ಹೇಗೆ ಬಿತ್ತು ಎಂದು ಅವನು ಕೇಳಿದ. ಸೌಮ್ಯ ಹೇಗೋ ಬಿತ್ತು ಎಂದಳು.

ವಿಷಯ ತಿಳಿದ ಓಂಕಾರೇಶ, ಅಮ್ಮನಿಗೆ ಹೇಳಿಬಿಡೋಣ, ಇನ್ನೊಂದು ಸಲ ಮುಟ್ಟಬಾರದಲ್ಲ ಎಂದ.

"ಹೇಳಿದ್ರೆ ಇನ್ನೊಂದ್ಸಲ ಮುಟ್ಟಲ್ಲ ಕಣ್ರೀ," ಎಂದಳು ಸೌಮ್ಯ. "ಅದಕ್ಕೇ ಹೇಳ್ಬೇಡಿ ಅಂತಿರೋದು."

ವಿಜಯದಶಮಿಯ ಆ ಸಂಜೆ ತೀರ್ಥಮ್ಮ ನೆಂಟರ ಮನೆಗಳಿಗೆ ಬನ್ನಿ ಕೊಡಲು ಹೋದಾಗ ಸೌಮ್ಯ ಡಿಸ್ಕುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಪ್ಯಾಡುಗಳನ್ನು ಬಿಚ್ಚಿ ತಂದಳು. ರೂಪಾಯಿ ಬಿಲ್ಲೆಗಿಂತ ತುಸು ದೊಡ್ಡವು. ಒಂದೊಂದನ್ನೇ ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ಒಡ್ಡಿದಳು. ಕುಡಿದ ಎಣ್ಣೆ ಹೊಗೆಯಾಗಿ ಬರತೊಡಗಿತು. ಹೊಗೆ ನಿಂತ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿದಳು. ಕಿಟಕಿ ತೆಗೆದು ಎರಡು ಊದುಬತ್ತಿ ಹಚ್ಚಿದಳು. ಹರಳೆಣ್ಣೆಯ ಕಮಟು ಊದುಬತ್ತಿಗೆಲ್ಲ ಜಗ್ಗುವಂಥದ್ದಲ್ಲ.

ತೀರ್ಥಮ್ಮ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. "ಏನೇ ಅದು ಸೀದಿದ್ದು?"

"ಒಗ್ಗರಣೆ, ಅತ್ತೆ."

ಒಲೆಯ ಮೇಲೆ ಬಾಣಲೆ ಇರಲಿಲ್ಲ. ತೀರ್ಥಮ್ಮ ಒಲೆಯನ್ನು ನೋಡಿದರು, ಸೊಸೆಯ ಕಪ್ಪಾದ ಬೆರಳುಗಳನ್ನು ನೋಡಿದರು, ಕಾಲು ತೊಳೆಯಲು ಬಚ್ಚಲಿಗೆ ಹೋದರು. ಊಟಕ್ಕೆ ಕೂತಾಗ ಮಗನಿಗೆ, ಭಾನುವಾರ ಸೈಕಲ್ಲು ಹಾಕಿಕೊಂಡು ಓಮ್ನಿ ವ್ಯಾನು ತಗೊಂಡು ಹೋಗುವುದಾದರೆ ತಾನೂ ಬರುತ್ತೇನೆ, ಗುಡ್ಡದ ಕಡೆ ಹೋಗಿ ಬಹಳ ದಿನವಾಯಿತು ಎಂದರು. ಓಂಕಾರೇಶ ಹೆಂಡತಿಯ ಮುಖ ನೋಡಿದ. ಅವಳು ಸಾರು ಬಡಿಸುವುದರಲ್ಲಿದ್ದಳು.

ಶನಿವಾರ ಕೆರೆಯ ಏರಿಯ ಮೇಲೆ ಬ್ರೇಕು ಚೆನ್ನಾಗಿಯೇ ಹಿಡಿಯಿತು. ಇದೇನು ಇಷ್ಟು ಸುಲಭವಾಯಿತು ಎಂದು ಅವಳಿಗೇ ಅನ್ನಿಸಿತು.

ಭಾನುವಾರ ಎಲ್ಲರ ಜೊತೆ ಡಾಂಬರು ರಸ್ತೆಯಲ್ಲಿ ಗುಡ್ಡ ಹತ್ತಿ, ದನದ ಹಾದಿಗೆ ಇಳಿದಳು. ಮೊದಲ ಇಳಿಜಾರಿನಲ್ಲಿ ಸೈಕಲ್ಲು ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಓಡಿತು. ಕಲ್ಲು ಬಂದರೆ ಫೋರ್ಕು ತಗ್ಗಿ ಏಳುತ್ತಿತ್ತು, ಟಯರು ಮಣ್ಣನ್ನು ಬಿಡುತ್ತಿರಲಿಲ್ಲ. ಇಷ್ಟು ತಿಂಗಳ ಒದ್ದಾಟ ಸಾರ್ಥಕ ಎಂದುಕೊಂಡಳು. ಎರಡನೆಯದರಲ್ಲಿ ಮುಂದಿನ ಬ್ರೇಕು ಕೂಗತೊಡಗಿತು, ಆಮೇಲೆ ಹಿಂದಿನದೂ. ಬಿಸಿಯಾದ ಹಾಗೆಲ್ಲ ಪ್ಯಾಡಿನ ಒಡಲಲ್ಲಿ ಉಳಿದಿದ್ದ ಎಣ್ಣೆ ಹೊರಗೆ ಬೆವರುತ್ತಿತ್ತು. ಹಿಡಿಯನ್ನು ಎಷ್ಟು ಅದುಮಿದರೂ ಚಕ್ರ ಜಾರುತ್ತಲೇ ಇತ್ತು. ಉರುಡುಗಲ್ಲಿನ ನೆತ್ತಿಗೆ ಬರುವಾಗ ಕಾಲನ್ನು ನೆಲಕ್ಕೆ ಎಳೆದು ನಿಲ್ಲಿಸಬೇಕಾಯಿತು.

ಬೇರೆಯವರು ಒಬ್ಬೊಬ್ಬರಾಗಿ ಇಳಿದು ಹೋದರು. ಅಶ್ವಿನಿ ಮಾತ್ರ ಕಾದು ನಿಂತು, ನಾನು ಮುಂದೆ ಹೋಗುತ್ತೇನೆ, ನನ್ನ ಗೆರೆ ಹಿಡಿದು ಬಾ ಎಂದಳು. ನೀನು ನಡೆ, ಬರುತ್ತೇನೆ ಎಂದು ಸೌಮ್ಯ ಅವಳನ್ನೂ ಕಳಿಸಿದಳು. ಕೆಳಗೆ ಹುಣಸೆಮರದ ಹತ್ತಿರ ಬಿಳಿ ಓಮ್ನಿ ಕಾಣುತ್ತಿತ್ತು. ಸುಮ್ಮನೆ ಬಿಟ್ಟುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಹಾಗೆ ಬಿಟ್ಟರೆ ಎಲ್ಲಿ ನಿಲ್ಲುತ್ತೇನೆಂದು ವಿಜ್ಞಾನದ ಟೀಚರಿಗೆ ಗೊತ್ತಿತ್ತು. ಇಳಿದಳು. ಅಳು ಬಂತು. ನೋಡುವವರು ಯಾರೂ ಇಲ್ಲದ್ದರಿಂದ ಸ್ವಲ್ಪ ಹೊತ್ತು ಅತ್ತು, ಮುಖ ಒರೆಸಿಕೊಂಡು, ಸೈಕಲ್ಲನ್ನು ಹಿಂದಕ್ಕೆ ಎಳೆದು ಹಿಡಿಯುತ್ತ ಉರುಡುಗಲ್ಲನ್ನು ಮೂರನೆಯ ಸಲ ನಡೆದುಕೊಂಡೇ ಇಳಿದಳು.

ಹುಣಸೆಮರದ ಕೆಳಗೆ ಚಾಪೆ ಹಾಸಿ ಎಲ್ಲರೂ ಮಂಡಕ್ಕಿ ತಿನ್ನುತ್ತಿದ್ದರು. ತೀರ್ಥಮ್ಮನೇ ಕಲಸಿ ತಂದದ್ದು. ಅವರು ಮರದ ಬೇರಿನ ಮೇಲೆ ಕೂತು ಗುಡ್ಡದ ಕಡೆಯೇ ನೋಡುತ್ತಿದ್ದರು. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನಾದ ಅಭಿಲಾಷ್ ಕಡೂರಿನವನು, ಬಾಯಿ ಸ್ವಲ್ಪ ಸಡಿಲ. ಈ ಸಲವೂ ನಟರಾಜ ಸರ್ವಿಸೇನಾ ಮೇಡಂ ಎಂದ. ಒಬ್ಬಿಬ್ಬರು ನಕ್ಕರು. ಸಿದ್ದಲಿಂಗೇಶ್ ಅವನನ್ನು ಗದರಿ, ಪ್ಯಾಡು ಕೈಕೊಟ್ಟಿತಾ ಎಂದು ಸೌಮ್ಯಳನ್ನು ಕೇಳಿದ.

ತೀರ್ಥಮ್ಮನ ಕೈ ಮಂಡಕ್ಕಿಯ ಡಬ್ಬಿಯ ಮೇಲೆ ಹಾಗೇ ನಿಂತಿತ್ತು. ಸೌಮ್ಯ ಅತ್ತ ನೋಡಲಿಲ್ಲ.

"ಪ್ಯಾಡು ಸರಿಯಾಗೇ ಇದೆ," ಎಂದಳು. "ನಂಗೇ ಹೆದ್ರಿಕೆ ಆಯ್ತು. ಆಗಲ್ಲ ಬಿಡಿ ನನ್ನ ಕೈಲಿ."

ಅಶ್ವಿನಿ ನೀರಿನ ಬಾಟಲಿ ಮುಂದೆ ಹಿಡಿದಳು. ತೀರ್ಥಮ್ಮ ಮೊಣಕಾಲಿನ ಮೇಲೆ ಕೈಯೂರಿ ಎದ್ದು ನಿಂತರು. ಅಪರಿಚಿತ ಗಂಡಸರ ನಡುವೆ ಅವರು ದನಿ ಎತ್ತಿದ್ದನ್ನು ಓಂಕಾರೇಶ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಅವಳೇನು ಹೆದ್ರಿಲ್ಲ ಕಣ್ರಪ್ಪ. ಅವಳ ಸೈಕಲ್ಲಿನ ಬ್ರೇಕಿಗೆ ನಾನು ಎಣ್ಣೆ ಹಚ್ಚಿದ್ದೆ. ಹಬ್ಬದ ದಿನ, ಒಳ್ಳೇದಾಗ್ಲಿ ಅಂತ. ಹಚ್ಚಬಾರ್ದು ಅಂತ ನಂಗೆ ಗೊತ್ತಿರ್ಲಿಲ್ಲ."

ಅಭಿಲಾಷ್ ತಲೆ ತಗ್ಗಿಸಿ ಮಂಡಕ್ಕಿಯಲ್ಲಿ ಕಡಲೆಬೀಜ ಹುಡುಕತೊಡಗಿದ. ತೀರ್ಥಮ್ಮ ಸೊಸೆಯ ಕಡೆ ತಿರುಗಿದರು. ಮುಖ ಕೆಂಪಾಗಿತ್ತು.

"ನಾನು ಕಾಯ್ಸಿದ ಎಣ್ಣೆ ವಾಸ್ನೆ ನಂಗೆ ಗೊತ್ತಾಗಲ್ವೇನೇ? ಒಗ್ಗರಣೆ ಅಂತೆ."

ಸೌಮ್ಯ ತಟ್ಟೆಯಲ್ಲಿ ಮಂಡಕ್ಕಿ ಹಾಕಿಸಿಕೊಂಡು ಅತ್ತೆಯ ಪಕ್ಕದ ಬೇರಿನ ಮೇಲೆ ಕೂತು ತಿಂದಳು. ಖಾರ ಹೆಚ್ಚಾಗಿತ್ತು.

ಹೊರಡುವಾಗ ಓಂಕಾರೇಶ ಸಿದ್ದಲಿಂಗೇಶನ ಜೊತೆ ಮಾತಿಗೆ ನಿಂತಿದ್ದ. ಓಮ್ನಿ ನಿಂತ ಜಾಗ ಸ್ವಲ್ಪ ಇಳಿಜಾರು. ಹಿಂದಿನ ಬಾಗಿಲು ತೆಗೆದು ಸೀಟು ಮಡಿಸಲು ಸೌಮ್ಯಳಿಗೆ ಎರಡೂ ಕೈ ಬೇಕಿತ್ತು. ಅವಳು ಕೇಳುವ ಮೊದಲೇ ತೀರ್ಥಮ್ಮ ಬಂದು ಹ್ಯಾಂಡಲ್ಲು ಹಿಡಿದುಕೊಂಡರು. ಸೈಕಲ್ಲು ಮುಂದಕ್ಕೆ ಸರಿಯಿತು. ಬ್ರೇಕಿನ ಹಿಡಿಯನ್ನು ಎರಡೂ ಕೈಯಲ್ಲಿ ಅದುಮಿದರು, ನಿಲ್ಲಲಿಲ್ಲ. ಇನ್ನಷ್ಟು ಬಲವಾಗಿ ಅದುಮಿ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ, ಸೈಕಲ್ಲಿಗೆ ಸೊಂಟ ಕೊಟ್ಟು ತಡೆದು, ಬಗ್ಗಿ ಕೈಗೆ ಸಿಕ್ಕ ಒಂದು ಕಲ್ಲನ್ನು ಎಳೆದು ಮುಂದಿನ ಚಕ್ರದ ಅಡಿಗೆ ಇಟ್ಟರು.